ಒಂದು ತಿದ್ದುಪಡಿ

ನಿನ್ನೆ ಕೆರಿಯಪ್ಪನ ಶ್ರದ್ಧಾಂಜಲಿ ಸಭೆಯಲ್ಲಿ
ಮೂವರು ಅವನ ಹೋರಾಟ ಹೇಳಿದರು,
ಇಬ್ಬರು ಅವನ ಕತೆ.
ಎರಡಕ್ಕೂ ಮೊಳೆ ಒಂದೇ ಅನ್ನಬೇಕೆಂದಿದ್ದೆ.
ಮೈಕು ಹಿಂದಿನ ಸಾಲಿಗೆ ಬರಲಿಲ್ಲ.

ದುರ್ಗಿಗುಡಿಯ ಓಣಿಯ ಪ್ರೆಸ್ಸಿನಲ್ಲಿ
ಇದ್ದದ್ದೇ ಒಂದು ಕೇಸು ಅಕ್ಷರ.
ಬೆಳಿಗ್ಗೆ ಗೇಣಿ ರೈತರ ಕರಪತ್ರ ಕಟ್ಟಿ,
ಮಧ್ಯಾಹ್ನ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು,
ಸಂಜೆ ಅವೇ ಮೊಳೆಗಳಲ್ಲಿ ಅವನ ಕತೆ.
ಅಕ್ರಮದ ಅ ಅವ್ವನಿಗೆ ಹೋಗುತ್ತಿತ್ತು,
ಧಿಕ್ಕಾರದ ಒತ್ತು ಅಕ್ಕನ ಕಾಲಡಿಗೆ.
ಳೆ ಮುಗಿಯಿತು, ಬೇರೆ ಪದ ಕೊಡು ಮಾರಾಯ ಅಂದರೆ
‘ಹೊಳೆಗೆ ಬೇರೆ ಪದ ಇಲ್ಲ ದಿಯೋಗು.’
ಕರಪತ್ರದಲ್ಲಾದರೆ
ಆಳುವವರನ್ನು ಕೂಡಲೇ ಸರ್ಕಾರ ಮಾಡಿಕೊಡುತ್ತಿದ್ದ.

ತುರ್ತು ಪರಿಸ್ಥಿತಿಯಲ್ಲಿ ಹಿಡಿದೊಯ್ದಾಗ
ಹಳೇ ಜೈಲಿನಿಂದ ಕತೆ ಬಂದದ್ದು
ಊಟದ ಕ್ಯಾರಿಯರಿನ ತಳದಲ್ಲಿ.
ಸಾರಿನ ಕಲೆಯನ್ನು ಸೊನ್ನೆಯೆಂದು ಓದಿ
ಒಂದು ಅನುಸ್ವಾರ ಹೆಚ್ಚು ಹಾಕಿದ್ದೆ.
ಬಿಡುಗಡೆಯಾದವನು ಮೊದಲು ಕೇಳಿದ್ದು ಅದನ್ನೇ.

ಚುನಾವಣೆಗೂ ನಿಂತ. ಗುರುತು ಏಣಿ.
ನಾನೂರ ಹನ್ನೊಂದು ಓಟು.
ಠೇವಣಿಯ ಹಿಂದೆಯೇ ನಮ್ಮ ಬಾಕಿಯೂ ಹೋಯಿತು.
ಉಳಿದ ನಾಲ್ಕು ಕಟ್ಟು ಕರಪತ್ರದ ಬೆನ್ನ ಮೇಲೆ
ಬರೆಯುತ್ತ ಕೂತ,
ಒಂದು ಸಂಕಲನಕ್ಕಾಗುವಷ್ಟು ಸೋತಿದ್ದ.

ಅದರಲ್ಲಿತ್ತು ಆ ಕತೆ.
ಮೊಳೆ ಜೋಡಿಸುವವನಿಗೆ ಅಕ್ಷರವೆಲ್ಲ ಉಲ್ಟಾ,
ಕೈ ಓದುತ್ತದೆ, ತಲೆ ಓದುವುದಿಲ್ಲ.
ಎರಡನೇ ಗ್ಯಾಲಿಯಲ್ಲಿ ಕೈ ನಿಂತಿತು:
ಬಾಡಿಗೆ ಮನೆ, ಮೂಲೆಯಲ್ಲಿ ಹೊಲಿಗೆ ಮಿಶನ್ನು,
ಗಂಡನ ಉಗುರಿಂದ ಹೋಗದ ಮಸಿ.
ಹೆಸರು ಬೇರೆ ಇಟ್ಟಿದ್ದ.
ಫಿಲೋಮಿನಾ ಕೇಳುತ್ತಿದ್ದ ಮಾತು ಮಾತ್ರ ಹಾಗೇ ಇತ್ತು:
‘ದಿನವಿಡೀ ಅಷ್ಟು ಮಾತು ಜೋಡಿಸ್ತೀರಿ,
ಮನೆಗೊಂದು ತರಬಾರದೇ?’

ಯಾವತ್ತೋ ಚಾ ಕುಡಿಯುತ್ತ ನಾನೇ ಹೇಳಿಕೊಂಡದ್ದು.

ಕೊನೆಯ ಸಾಲು: ಅವಳು ಓಡಿಹೋದಳು.
ಎರಡು ಮೊಳೆ ಕಿತ್ತೆ. ಓ. ಡಿ.
ಸಾಲು ಸಡಿಲಾಗದಂತೆ ಆ ಜಾಗಕ್ಕೆ
ಅಕ್ಷರವಿಲ್ಲದ ಸೀಸ ತುಂಬಿದೆ.

ಅಲ್ಪವಿರಾಮಕ್ಕೂ ಜಗಳ ತೆಗೆಯುವವನು,
ಮಂತ್ರಿಯ ಎದುರೇ ಠರಾವಿನ ಒಂದು ಪದ ಬಿಡದವನು,
ಪ್ರೂಫಿನ ಆ ಸಾಲಿನ ಮೇಲೆ ಪೆನ್ನು ಹಿಡಿದು
ಬಹಳ ಹೊತ್ತು ಕೂತ.
ಪಕ್ಕದಲ್ಲಿ ಟ್ರೆಡಲ್ಲು
ಯಾರದೋ ಲಗ್ನಪತ್ರಿಕೆ ಉಗುಳುತ್ತಿತ್ತು.
ಆಮೇಲೆ ಸರಿ ಗುರುತು ಹಾಕಿ
ಸಭೆಗೆ ತಡವಾಯಿತೆಂದು ಚಪ್ಪಲಿ ಮೆಟ್ಟಿದ.

ಪ್ರೆಸ್ಸು ಮುಚ್ಚಿತು. ಮೊಳೆಯನ್ನೆಲ್ಲ ತೂಕಕ್ಕೆ ಹಾಕಿದರು.
ಪುಸ್ತಕದಲ್ಲಿ ಈಗಲೂ ಹಾಗೇ ಇದೆ, ಬೇಕಾದರೆ ನೋಡಿ,
ಅವಳು         ಹೋದಳು.
ನಡುವೆ ಎರಡು ಮೊಳೆಯಷ್ಟು ಬಿಳಿ.