ನೂರ ಇಪ್ಪತ್ತೊಂದು ಸೆಂಟಿಮೀಟರ್

ಟಿಬಿಲಿಸಿಯಲ್ಲಿ, ಚುಗುರೆತಿಯ ಒಂದು ಬೇಕರಿಯ ಕೆಳಗೆ
ಹನ್ನೊಂದು ಮೆಟ್ಟಿಲಿಳಿದರೆ ಅಂಗಡಿ.
ಗೋಡೆಗೆ ಬೆನ್ನು ಕೊಟ್ಟು ನಿಂತಿವೆ ಪಿಯಾನೊಗಳು,
ಶಾಲೆಗೆ ತಡವಾಗಿ ಬಂದ ಮಕ್ಕಳ ಹಾಗೆ.

ವಾಝಾ ಜೇಬಿನಿಂದ ಟೇಪು ತೆಗೆದ.
ನಮ್ಮ ಮೆಟ್ಟಿಲ ತಿರುವು ಅರವತ್ತೆಂಟು.
ಅದಕ್ಕಿಂತ ದಪ್ಪಗಿದ್ದರೆ
ಚಿನ್ನದ್ದೇ ಆದರೂ ಬೇಡ.

ಮೊದಲನೆಯದು ಲೆನಿನ್‌ಗ್ರಾಡಿನದು. ಕಂದು.
ಒಂದು ಕಾಲಿನಡಿ ಮಡಚಿದ ಹಳೇ ಪತ್ರಿಕೆ.
"ಗಟ್ಟಿಮುಟ್ಟು," ಅಂದ ಅಂಗಡಿಯ ತಾರಿಯೆಲ್,
"ಕೆಳಗಿನ ಸ್ವರ ಕೇಳಿ, ನಿದ್ದೆಯಿಂದ ಕರಡಿ ಎದ್ದ ಹಾಗೆ."

ಎರಡನೆಯದು ಬರ್ಲಿನ್ನಿನದು, ನೂರು ದಾಟಿದ ಮುದುಕಿ,
ಎದೆಯ ಮೇಲೆ ಮೇಣದಬತ್ತಿಗೆಂದು ಎರಡು ಹಿತ್ತಾಳೆ ತೋಳು.
ದನಿ ಜೇನು. ತಂತಿ ಬಿಗಿವ ಗೂಟಗಳು ಮಾತ್ರ ಸಡಿಲ;
ಶ್ರುತಿ ಮಾಡಿಸುವ ದುಡ್ಡಿನಲ್ಲಿ ಒಂದು ಹಸು ಸಾಕಬಹುದು.

ಮೂರನೆಯದು ಜಪಾನಿನದು. ಎತ್ತರ ನೂರ ಇಪ್ಪತ್ತೊಂದು.
ಮುಖ ಕಾಣುವಷ್ಟು ಕಪ್ಪು.
ಮುಚ್ಚಳದೊಳಗೆ ಯಾವ ಮಗುವೋ ಅಂಟಿಸಿದ ಮೊಲದ ಚಿತ್ರ,
ಕಿವಿಗಳನ್ನು ಯಾರೋ ಕೆರೆದಿದ್ದಾರೆ.

"ನುಡಿಸಿ ನೋಡಿ."

ನುಡಿಸಲಿಲ್ಲ. ಬಿಳಿ ಮನೆ, ಕರಿ ಮನೆ,
ಒಂದೊಂದನ್ನೂ ಅಷ್ಟು ನಿಧಾನಕ್ಕೆ ಅದುಮಿದೆ,
ಸುತ್ತಿಗೆ ತಂತಿಗೆ ತಾಗದಷ್ಟು.
ಒಳಗೆಲ್ಲೋ ಬೆರಳಿಗೊಂದು ಸಣ್ಣ ಹೊಸ್ತಿಲು ಸಿಗುತ್ತದೆ,
ದಾಟಿದರೆ ಏನೂ ಇಲ್ಲ.
ತಾರಿಯೆಲ್ ಅಂದುಕೊಂಡ: ಈಕೆಗೆ ಬರುವುದಿಲ್ಲ.

ಸರಿಯೇ.
ನಾನು ಕಲಿತದ್ದು ಅಡುಗೆಮನೆಯ ಮೇಜಿನ ಮೇಲೆ,
ಅಪ್ಪ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಟ್ಟ ಮನೆಗಳಲ್ಲಿ.
ಎಂಬತ್ತೆಂಟಕ್ಕೆ ಮೇಜು ಸಾಲದೆ
ಅರವತ್ತಕ್ಕೇ ನಿಂತವು.

ಅದಕ್ಕೂ ಮುಂಚೆ ನಮ್ಮಲ್ಲಿ ಪಿಯಾನೊ ಇತ್ತು.
ಗ್ಯಾಸಿಲ್ಲದ, ಕರೆಂಟಿಲ್ಲದ ಆ ಚಳಿಗಾಲ
ಮೊದಲು ಪುಸ್ತಕದ ಕಪಾಟು ಹೋಯಿತು,
ಆಮೇಲೆ ಒಂದು ಬಾಗಿಲು.
ಜನವರಿಯ ಕೊನೆಗೆ ಅಪ್ಪ ಕೊಡಲಿ ಹಿಡಿದು
ಪಿಯಾನೊದ ಮುಂದೆ ಕುರ್ಚಿ ಹಾಕಿಕೊಂಡು ಕೂತ,
ಒಂದು ತಾಸು.

ಹಾಗಾಗಿ ನನಗೆ ಪಿಯಾನೊ ಗೊತ್ತು, ತಾರಿಯೆಲ್.
ನೀನು ಹೊಗಳುವ ಆ ಸ್ಪ್ರೂಸ್ ಹಲಗೆ
ಒಂದು ಲೋಟ ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ.
ಹಿಂಬದಿಯ ಬೀಚ್ ಕಂಬ ಬೆಳಗಿನ ತನಕ ನಿಲ್ಲುತ್ತದೆ.
ಸುತ್ತಿಗೆಯ ಉಣ್ಣೆ ಉರಿಯುವುದಿಲ್ಲ,
ಕೂದಲು ಸುಟ್ಟ ವಾಸನೆ;
ಅದನ್ನು ಕಿತ್ತು ಬೂಟಿನೊಳಗೆ ತುರುಕಿಕೊಂಡಳು ತಂಗಿ ಮಾಕ್ವಾಲಾ.
ಉಳಿದದ್ದು ಕಬ್ಬಿಣದ ಚೌಕಟ್ಟು.
ನಾಲ್ಕು ಜನ ಅಂಗಳಕ್ಕೆ ಇಳಿಸಿದರು.
ಬಿಚ್ಚಿದ ತಂತಿಯನ್ನೇ ಅಡ್ಡಡ್ಡ ಕಟ್ಟಿ ಅಜ್ಜಿ
ಅದರ ಮೇಲೆ ದ್ರಾಕ್ಷಿ ಹಬ್ಬಿಸಿದಳು.
ಹುಳಿ ದ್ರಾಕ್ಷಿ. ಆದರೂ ತಿಂದೆವು.

"ಯಾವುದು?" ಅಂದ ವಾಝಾ.

ಲೆನಿನ್‌ಗ್ರಾಡಿನದರಲ್ಲಿ ಎರಡು ವಾರದ ಬೆಂಕಿ ಇದೆ.
ಬರ್ಲಿನ್ನಿನದು ಒಣಗಿ ಕೂತಿದೆ, ಒಂದು ಕಡ್ಡಿ ಸಾಕು.
ಹೀಗೆ ಲೆಕ್ಕ ಹಾಕಬಾರದು, ಗೊತ್ತು.
ಕೈ ತಾನಾಗಿ ಹಾಕುತ್ತದೆ.

ಕಪ್ಪು ಮೈಗೆ ಬೆರಳ ಗೆಣ್ಣಿನಿಂದ ತಟ್ಟಿದೆ.
"ಇದೇನು ಲೇಪ?"
"ಪಾಲಿಯೆಸ್ಟರ್," ತುಸು ನಾಚಿಕೊಂಡ,
"ಮರದ ಅಂದ ಇಲ್ಲ, ನಿಜ."
"ಸುಟ್ಟರೆ?"
ಅವನು ವಾಝಾನ ಮುಖ ನೋಡಿದ.
ವಾಝಾ ಟೇಪನ್ನು ನೋಡುತ್ತಿದ್ದ.
"ಸುಟ್ಟರೆ... ಕರೀ ಹೊಗೆ. ಮನೆಯೊಳಗೆ ಕೂರೋಕಾಗಲ್ಲ."

"ಇದೇ ಇರಲಿ," ಅಂದೆ.

ನಾಲ್ಕನೇ ಮಹಡಿ. ತಿರುವಿನಲ್ಲಿ ಮೂರು ಬೆರಳು ಜಾಗ ಉಳಿಯಿತು.
ಹೊತ್ತವರು ನೀರು ಕೇಳಿದರು, ಆಮೇಲೆ ವೈನು.
ಶ್ರುತಿ ಮಾಡುವ ಮುದುಕ ಫೋನಿನಲ್ಲೇ ಹೇಳಿದ:
"ಕೋಣೆಯ ಹವೆಗೆ ಒಗ್ಗಲಿ, ಎರಡು ವಾರ ಬಿಟ್ಟು ಬರುತ್ತೇನೆ.
ಒಂದು ಮಾತು, ಒಲೆಯಿಂದ ದೂರ ಇಡಿ."

ಗೇಣು ಹಾಕಿ ಹಾಕಿ ಅಳೆದು ಇಟ್ಟೆವು.

ರಾತ್ರಿ ಮಾಕ್ವಾಲಾ ಕೇಳಿದಳು: ದನಿ ಹೇಗಿದೆ?
ಇನ್ನೂ ಕೇಳಿಲ್ಲ, ಅಂದೆ.