ಎವೆಯಿಕ್ಕುವ ಮೊದಲು

ನಮ್ಮ ಹಳೆಯ ನಿಘಂಟಿನಲ್ಲಿ ನಿಮಿಷವೆಂದರೆ
ಒಂದು ಸಲ ಎವೆಯಿಕ್ಕುವ ಹೊತ್ತು, ಅಷ್ಟೆ.
ಇಸಿಕ್-ಕುಲ್ ಸರೋವರವನ್ನು ಬಳಸಿ ನೆಲದಡಿ ಮಲಗಿದ ಗಾಜಿನೆಳೆ
ಕೊಟ್ಟಿದ್ದ ಮಾತು ಅದಕ್ಕಿಂತಲೂ ಚಿಕ್ಕದು:
ಬಡಗಣ ದಡದಲ್ಲಿ ಕಡಿದರೆ ತೆಂಕಣ ದಡದಿಂದ ಬರುತ್ತೇನೆ,
ಐವತ್ತು ಮಿಲಿಸೆಕೆಂಡಿನಲ್ಲಿ,
ನೀವು ಕಣ್ಣು ಮುಚ್ಚಿ ತೆರೆಯುವ ಮೊದಲೇ.

ಜನವರಿ. ರಾತ್ರಿ ಎರಡು ನಲವತ್ತು.
ಅನಾನ್ಯೆವೊ ದಾಟಿ ತ್ಯೂಪಿನ ದಾರಿಯಲ್ಲಿ ನೀರಿನ ಕೊಳವೆ ಒಡೆದು,
ರಿಪೇರಿಗೆ ಬಂದ ಅಗೆಯುವ ಯಂತ್ರದ ಹಲ್ಲಿಗೆ
ಕಪ್ಪನೆಯದೇನೋ ಬೇರಿನಂತೆ ಸಿಕ್ಕಿತು.
ಬೇರೆಂದೇ ಎಳೆದ.

ಕಾರಾಕೋಲ್ ಊರಿಗೆ ಊರೇ ಮೂಕಾಯಿತು.
ಬಂಕಿನ ಕಾರ್ಡು ಯಂತ್ರ ಯೋಚಿಸುತ್ತ ಕೂತಿತು,
ಆಲೂಗಡ್ಡೆ ಲಾರಿಯವನು ಇಂಜಿನ್ ಆರಿಸದೆ ಬೈಯುತ್ತ ನಿಂತ.
ಆಸ್ಪತ್ರೆಯ ಮೇಜಿನ ಫೋನು
ಕಿವಿಗಿಟ್ಟರೆ ಒಣ ಸೋರೆಬುರುಡೆ.

ಎಕ್ಸ್‌ಚೇಂಜಿನಲ್ಲಿ ಬುರುಲ್ಚಾ ಕೆಂಪು ದೀಪ ಎಣಿಸಿದಳು.
ಕಡಿದದ್ದು ಒಂದು ಕಡೆ, ಮೌನ ಎಲ್ಲ ಕಡೆ. ಹೇಗೆ?
ತೆಂಕಣ ಎಳೆಯ ಬೆಳಕು ಅಳೆದಳು: ಮೈನಸ್ ಹದಿನೆಂಟು. ಗಟ್ಟಿಮುಟ್ಟು.
ಕನೆಕ್ಟರಿನ ಮೂತಿ ಸ್ಪಿರಿಟ್ಟಿನಲ್ಲಿ ಒರೆಸಿದಳು.
ಎಡಬಲ ಅದಲುಬದಲಾಗಿದೆಯೋ ಎಂದು
ಹಳದಿ ಪ್ಯಾಚ್ ಕಾರ್ಡುಗಳ ಹಿಡಿದು ತುದಿಯವರೆಗೆ ಹೋದಳು,
ಹೆರಳು ಬಿಡಿಸುವ ಹಾಗೆ.
ಬೊಕೊನ್ಬಾಯೆವೊದ ಪೆಟ್ಟಿಗೆಯನ್ನು ಕರೆದಳು. ಕೇಳಿಸುತ್ತಿದೆಯೇ?
ಕೇಳಿಸುತ್ತಿದೆ.
ಮತ್ತೆ ಬರಬಾರದೇ?
ಅದಕ್ಕೆ ಉತ್ತರವಿಲ್ಲ.

ಬೋರ್ಡು ಕೆಟ್ಟಿರಬೇಕು, ಎಂದು ಬಾಲಿಕ್ಚಿಯ ಮೇಲಧಿಕಾರಿ.
ಸಾಫ್ಟ್‌ವೇರೇ ಸರಿಯಿಲ್ಲ, ಎಂದು ಅವನ ಹಿಂದೆ ಇನ್ನೊಂದು ದನಿ.
ಬೆಳಕು ಹೊಸಿಲವರೆಗೆ ಬಂದು
ಒಳಗೆ ಕರೆಯುವವರಿಲ್ಲದೆ ನಿಂತೇ ಇತ್ತು.

ಉಂಗುರಕ್ಕೂ ಒಂದು ಪಂಕ್ತಿಭೇದವಿದೆ.
ಮೊದಲ ಎಲೆ ಮನುಷ್ಯ ಹಾಕಿದ ಬೀಗಕ್ಕೆ.
ಆಮೇಲೆ ಬಲವಂತದ ಅಪ್ಪಣೆಗೆ.
ಗಾಯಕ್ಕೆ ಅದರಾಚೆಯ ಎಲೆ.
ನೆಲದಡಿ ಎಳೆ ಹರಿದು ಎಷ್ಟೇ ಕೂಗಲಿ,
ಬೀಗ ಉಂಡು ಏಳುವ ತನಕ ಬಡಿಸುವವರಿಲ್ಲ.

ನಾಲ್ಕನೆಯ ಪರದೆಯ ಕೆಳಗೆ ಸಿಕ್ಕಿತು:
ಬೀಗ, ಇದೆ. ಅಕ್ಟೋಬರ್ ಹದಿನಾಲ್ಕು, ಹನ್ನೊಂದು ಹತ್ತು.
ಬಾರ್ಸ್ಕೂನಿನ ಬಳಿ ಎಳೆ ಬೆಸೆಯುವಾಗ
ದಾರಿ ಹೊಯ್ದಾಡದಿರಲೆಂದು ಯಾರೋ ಹಾಕಿದ್ದು.
ಯಾರೋ ಅಲ್ಲ. ಬಿ. ಸಾದಿರ್ಕುಲೋವಾ.

ತನ್ನ ಹೆಸರನ್ನು ಎರಡು ಸಲ ಓದಿದಳು,
ಬೇರೆ ಯಾರದೋ ಆಗಬಹುದೆಂಬಂತೆ.
ಆ ಮಧ್ಯಾಹ್ನದ ಊಟ ನೆನಪಿದೆ: ತಣ್ಣನೆಯ ಆಶ್ಲ್ಯಾನ್-ಫೂ, ಹುಳಿ ಜಾಸ್ತಿ.
ಬೀಗ ತೆಗೆದದ್ದೂ ನೆನಪಿದೆ ಎಂದುಕೊಂಡಿದ್ದಳು.
ಮೂರು ತಿಂಗಳು ಎಲ್ಲ ದೀಪ ಹಸಿರು.
ಹಸಿರು ಸುಳ್ಳಾಡಿರಲಿಲ್ಲ,
ಅವಳು ಕೇಳಿದ್ದಕ್ಕಷ್ಟೇ ಹೇಳಿತ್ತು.

ಒಂದು ಸಾಲು ಟೈಪಿಸಿದಳು.
ಎವೆಯಿಕ್ಕಲಿಲ್ಲ; ಅಷ್ಟರಲ್ಲಿ ಊರು ಮಾತಾಡಿತು.
ಕಾರ್ಡು ಯಂತ್ರ ಹೂಂ ಅಂದಿತು, ಲಾರಿ ಹೋಯಿತು.
ನಲವತ್ತೊಂದು ನಿಮಿಷ, ಈ ಕಾಲದ ನಿಮಿಷ.

ಬೆಳಗಿನ ಜಾವ ಹಿಮದ ನಡುವಿನಿಂದ ತಾಬಿಲ್ದಿಯ ಫೋನು:
ಸಿಕ್ಕಿತು.
ಅವನ ಹೆಸರಿನ ಅರ್ಥವೂ ಅದೇ; ಅವಳು ನಗಲಿಲ್ಲ.
ಕೈಗವಸು ಬಿಚ್ಚಿ, ಬೆರಳು ಊದಿಕೊಂಡು, ಒಂದೊಂದೇ ಎಳೆ ಬೆಸೆದ.
ಏಳೂವರೆಗೆ ಬಡಗಣ ದಡ ಬೆಳಗಿತು.

ಬೆಳಗಿದರೂ ಉಂಗುರ ಕೂಡಲೇ ಮರಳುವುದಿಲ್ಲ.
ಐದು ನಿಮಿಷ ಕಾಯುತ್ತದೆ,
ಕೂಡಿದ್ದು ನಿಜಕ್ಕೂ ಕೂಡಿತೇ ಎಂದು.
ಅಷ್ಟರಲ್ಲಿ ಅವಳು ವರದಿಯ ಹಾಳೆ ಎಳೆದುಕೊಂಡು
ಕಾರಣ ಎಂಬಲ್ಲಿ
ಅಗೆಯುವ ಯಂತ್ರ ಎಂದು ಬರೆದಳು.
ಅದು ನಿಜವೇ.
ಪೆನ್ನು ಹಾಳೆಯ ಮೇಲೆಯೇ ಇತ್ತು.
ಇನ್ನೂ ನಾಲ್ಕು ನಿಮಿಷ ಇತ್ತು.