ಮೇಣದ ಹಲಗೆ

ಬೆಳಗಿನ ಮೂರನೆಯ ಗಳಿಗೆ.
ಯಜಮಾನ ಅಟೀನಿಯಸ್ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ:
"ಬರೆದುಕೋ. ಬೆಟ್ಟದ ನೆತ್ತಿಯಲ್ಲಿ ನಿಂತು
ಮ್ಲೇಚ್ಛರ ನಾಯಕ ಕುನೋವರ ತನ್ನವರಿಗೆ ಹೀಗೆಂದ."

ಕಬ್ಬಿಣದ ಕಂಟ ಹಿಡಿದ ಕೈ ತುಸು ತಡೆಯಿತು.
ಕುನೋವರ ನನ್ನ ಸೋದರಮಾವ.
ಇದು ಯಜಮಾನರಿಗೆ ತಿಳಿಯದು. ಕೊಂಡ ದಿನ
ನನ್ನ ಕೊರಳ ಹಲಗೆಯಲ್ಲಿ ಇದ್ದದ್ದು ಇಷ್ಟೇ:
ಹಲ್ಲು ಗಟ್ಟಿ, ಓಡಿಹೋಗುವವನಲ್ಲ, ಒಂಬತ್ತು ವರ್ಷ.
ಫಿಲೆರೋಸ್ ಎಂಬ ಹೆಸರು ದಲ್ಲಾಳಿ ಇಟ್ಟದ್ದು,
ನಾಯಿಮರಿಗೆ ಇಡುವ ಹಾಗೆ, ಬಾಯಿಗೆ ಬಂದದ್ದು.

ಈಗ ಮಾವ ಮಾತಾಡುತ್ತಿದ್ದಾನೆ.
ಎಂಥ ಲ್ಯಾಟಿನ್!
ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಹೊಂಚಿ ಕೂತು
ಸರಕ್ಕನೆ ಮೇಲೆ ಬೀಳುತ್ತದೆ.
"ಅವರು ದಾರಿ ಹಾಕುತ್ತಾರೆ, ಕಲ್ಲು ಹೊರುವವರು ನಾವು.
ತೂಕದ ಬಟ್ಟು ತರುತ್ತಾರೆ, ತೂಗುವುದು ನಮ್ಮ ಮಕ್ಕಳನ್ನು.
ಬಿಸಿನೀರಿನ ಮನೆ ಕಟ್ಟಿಕೊಡುತ್ತಾರೆ,
ಅದರ ಒಲೆಯೊಳಗೆ ನಮ್ಮದೇ ಕಾಡು."

ನಾನಿದ್ದೆ ಆ ಬೆಟ್ಟದ ಮೇಲೆ, ಕುದುರೆಗಳ ಹಗ್ಗ ಹಿಡಿದು.
ಮಾವನಿಗೆ ಶೀತ. ಮೂಗು ಸೋರುತ್ತಿತ್ತು.
ಅವನು ಅಂದದ್ದು:
"ಗಾಳಿ ಎದುರಿಗಿದೆ. ಕವಣೆಯವರು ಎಡಕ್ಕೆ ಬನ್ನಿ.
ಸೆನೂನಾಳ ಮಗ ಎಲ್ಲಿ? ಅವನನ್ನು ಮನೆಗೆ ಕಳಿಸಿ,
ಹೆಂಡತಿಗೆ ತಿಂಗಳು ತುಂಬಿದೆ."
ಆಮೇಲೆ ಸೀನಿದ.
ಮಧ್ಯಾಹ್ನದ ಹೊತ್ತಿಗೆ ಅವನಿಗೆ ತಲೆ ಇರಲಿಲ್ಲ.

ಯಜಮಾನರು ಕೆಟ್ಟವರೇನಲ್ಲ.
ಇಂಥ ಮಾತು ಬರೆಸುವಾಗ ಅವರ ಗಂಟಲು ಕಟ್ಟುತ್ತದೆ.
ಅವರ ಪುಟಗಳಲ್ಲಿ ನಮ್ಮ ಜನ ಆಳೆತ್ತರ, ಕೆಂಗೂದಲು,
ಸುಳ್ಳರಿಯದವರು, ಒಬ್ಬಳನ್ನೇ ಕಟ್ಟಿಕೊಂಡು ಬಾಳುವವರು,
ಬಡ್ಡಿ ಅಂದರೇನೆಂದು ಗೊತ್ತಿಲ್ಲದವರು.
ಬಡ್ಡಿ!
ನನ್ನಜ್ಜಿ ಮೂರು ಕುರಿ ಕೊಟ್ಟು ಐದು ಕೇಳುತ್ತಿದ್ದಳು,
ಕೊಡದವನ ಹೊಸ್ತಿಲಲ್ಲಿ ಕೂತು
ಅವನ ಹಟ್ಟಿಗೆ, ಹೊಟ್ಟೆಗೆ, ಹುಟ್ಟದ ಮೊಮ್ಮಗನಿಗೆ ಶಾಪ ಹಾಕುತ್ತಿದ್ದಳು.
ಮಾವನ ಹೆಂಡಿರು ಇಬ್ಬರು. ಒಬ್ಬಳಿಗೆ ಇನ್ನೊಬ್ಬಳು ಗೊತ್ತಿಲ್ಲ.

ಕೆಳಗಿನ ಬೀದಿಯಲ್ಲಿ ಅಗಸನ ಅಂಗಡಿಯಿದೆ,
ನಿಲುವಂಗಿಗಳನ್ನು ಉಚ್ಚೆಯಲ್ಲಿ ತುಳಿದು
ಗಂಧಕದ ಹೊಗೆ ಹಿಡಿಸಿ ಬಿಳುಪು ಮಾಡುತ್ತಾರೆ.
ನಮ್ಮನ್ನೂ ಹಾಗೇ ಮಾಡಿದ್ದಾರೆ ಯಜಮಾನರು,
ಪಕ್ಕದಲ್ಲಿ ನಿಂತ ತಮ್ಮವರ ಕೊಳೆ
ಎದ್ದು ಕಾಣಲೆಂದು.

ಹಳೆಯ ಚಕ್ರವರ್ತಿಯ ಕಾಲದಲ್ಲಿ ಹನ್ನೊಂದು ವರ್ಷ
ಇವರು ಹಿರಿಯರ ಸಭೆಯಲ್ಲಿ ಕೂತಿದ್ದರು, ತುಟಿ ಹೊಲಿದುಕೊಂಡು.
ಗೆಳೆಯ ಮಾಮಿಲಿಯಸ್‌ಗೆ ಸಾವು ವಿಧಿಸಿದ ದಿನ
ಎದ್ದು ಆ ಬದಿಗೆ ನಡೆದರು.
ಅಲ್ಲಿ ಮತ ಕೊಡುವುದು ಕಾಲಿನಿಂದ.
ಹದಿನೇಳು ಹೆಜ್ಜೆ.
ಜ್ವರ ಬಂದ ರಾತ್ರಿ ಎಣಿಸುವುದನ್ನು ಕೇಳಿದ್ದೇನೆ,
ಹದಿನೇಳಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ.
ಆ ನೆಲದ ಮೇಲೆ ಆಡದೆ ನುಂಗಿದ್ದೆಲ್ಲ
ಈಗ ಸತ್ತ ಶತ್ರುವಿನ ಬಾಯಿಂದ ಬರುತ್ತಿದೆ.
ಸತ್ತವನ ನಾಲಿಗೆಯ ಮೇಲೆ ಯಾವ ಚಾಡಿಕೋರನೂ ದೂರು ಕೊಡುವುದಿಲ್ಲ.

"ಓದು ನೋಡೋಣ" ಎಂದರು.
ಓದಿದೆ. ನನ್ನ ದನಿ, ಮಾವನ ಸಿಟ್ಟು, ಅವರ ಅಂಜಿಕೆ,
ಮೂರೂ ಒಂದೇ ಉಸಿರಿನಲ್ಲಿ.
"ಮ್ಲೇಚ್ಛನಿಗೆ ಇಷ್ಟು ಚಂದದ ಮಾತು ಒಪ್ಪೀತೆ, ಫಿಲೆರೋಸ್?"
ಒಪ್ಪುತ್ತದೆ ಅಂದೆ.
ಏನು ಮಾಡಲಿ, ನನಗೂ ಆಸೆಯಾಗಿತ್ತು,
ಮಾವ ಹೀಗೆ ಮಾತಾಡಿ ಸಾಯಬೇಕಿತ್ತು ಎಂದು.

ಸಂಜೆ ಎಲ್ಲವನ್ನೂ ಮಸಿಗೆ ಇಳಿಸಿ
ಹಲಗೆ ಕಾಯಿಸಿ ಮೇಣ ಸವರುತ್ತಿದ್ದೆ.
ದೀಪದ ಕಾಡಿಗೆ ಮೂಗಿಗೆ ಹೋಗಿ
ಒಂದು ಸೀನು ಬಂತು, ದೊಡ್ಡದು, ನಮ್ಮ ಮನೆತನದ್ದು.

ಒಳಕೋಣೆಯ ಕತ್ತಲಿನಿಂದ ಯಜಮಾನರು
"ಚೆನ್ನಾಗಿರು" ಅಂದರು,
ಯಾರಿಗೆಂದು ನೋಡದೆ.